ಎರಡನೆಯ ಹೆಣ್ಣಿಗೂ ಪೇಢೆಯೇ

ನಮ್ಮ ಓಣಿಯಲ್ಲಿ ಗಂಡು ಹುಟ್ಟಿದರೆ ಪೇಢೆ ಹಂಚುತ್ತಾರೆ, ಹೆಣ್ಣು ಹುಟ್ಟಿದರೆ ಜಿಲೇಬಿ. ಯಾರು ಮಾಡಿದ ಪದ್ಧತಿಯೋ ಗೊತ್ತಿಲ್ಲ. ನಾನು ಇಳಕಲ್ಲಿಗೆ ಸೊಸೆಯಾಗಿ ಬಂದಾಗಲೂ ಹಾಗೇ ಇತ್ತು, ಈಗಲೂ ಹಾಗೇ ಇದೆ. ದೊಡ್ಡ ಮಗಳು ಎರಡನೆಯ ಹೆಣ್ಣು ಹಡೆದ ಮರುದಿನ ನಾನು ಬಾಗಲಕೋಟೆಯ ದವಾಖಾನೆಯಿಂದ ಬಸ್ಸು ಹತ್ತಿ ಊರಿಗೆ ಬಂದೆ. ಮನೆಗೂ ಹೋಗಲಿಲ್ಲ. ಸೀದಾ ಮಿಠಾಯಿ ಅಂಗಡಿಗೆ ಹೋಗಿ ಪೇಢೆ ಕಟ್ಟು ಅಂದೆ.

ಅಂಗಡಿಯವನ ಮುಖ ಅರಳಿತು. "ಗಂಡ ಆತೇನ್ರಿ ಯವ್ವಾರ?"

"ಹೆಣ್ಣು."

ತಕ್ಕಡಿ ಹಿಡಿದ ಕೈ ಅಲ್ಲೇ ನಿಂತಿತು. "ಹಂಗಾರ ಜಿಲೇಬಿ ಕಟ್ಲೇನ್ರಿ? ಬಿಸಿ ಅದಾವ, ಈಗ ಕರದದ್ದು."

"ನಾ ಏನ ಕೇಳೀನಿ?"

"ಪೇಢೆ."

"ಅದನ್ನ ಕಟ್ಟು."

"ಅಲ್ರಿ, ಮಂದಿ ತಪ್ಪ ತಿಳ್ಕೋತಾರ."

"ತಿಳ್ಕೊಳ್ಳಲಿ. ತಿಂದ ಮ್ಯಾಲ ಹೇಳ್ತೀನಿ."

ಹಾಗೇ ಮಾಡಿದೆ. ಎದುರು ಮನೆಯಾಕೆ ಪೇಢೆ ಬಾಯಿಗೆ ಹಾಕಿಕೊಂಡು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಂತೂ ನಿಮ್ಮ ಮಗಳಿಗೆ ದೇವರು ಕಣ್ಣ ತೆರದಾ! ಯಾರ ಹಂಗ ಐತಿ ಕೂಸು, ಅಪ್ಪನ ಹಂಗೋ?" ಅಂದಳು. "ನನ್ನ ಹಂಗ ಐತಿ. ಹೆಣ್ಣು" ಅಂದೆ. ಆಕೆಯ ದವಡೆ ನಿಂತುಹೋಯಿತು. ಬಾಯಲ್ಲಿದ್ದ ಪೇಢೆಯನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ ನಿಂತ ಆ ಮುಖ ನೆನಪಾದರೆ ಈಗಲೂ ಒಬ್ಬಳೇ ನಗುತ್ತೇನೆ. ಅದೇ ಪೇಢೆ, ಅದೇ ಸಕ್ಕರೆ, ಅದೇ ಖೋವಾ. ಒಂದು ಮಾತು ಕೇಳಿದ್ದಕ್ಕೆ ರುಚಿ ಹೇಗೆ ಬದಲಾದೀತು? ಆದರೆ ಬದಲಾಗುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಮನುಷ್ಯ ನಾಲಿಗೆಯಿಂದ ತಿನ್ನುವುದಿಲ್ಲ, ಕಿವಿಯಿಂದ ತಿನ್ನುತ್ತಾನೆ.

ನನ್ನ ಮೊಮ್ಮಗಳ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಬರೆಯಲಿಕ್ಕೆ ಆಗುವುದಿಲ್ಲ. ತಲೆಯ ತುಂಬ ಕೂದಲು, ಎಣ್ಣೆ ಹಚ್ಚಿ ತೀಡಿದರೆ ಮತ್ತೆ ಎದ್ದು ನಿಲ್ಲುವ ಹಟಮಾರಿ ಕೂದಲು. ಸೀನಿದರೆ ತನ್ನ ಸೀನಿಗೆ ತಾನೇ ಬೆಚ್ಚಿ ಬೀಳುತ್ತದೆ. ಎರೆದು, ಲೋಬಾನದ ಹೊಗೆ ಹಾಕಿ, ಬಟ್ಟೆ ಸುತ್ತಿ ತೊಡೆಯ ಮೇಲೆ ಹಾಕಿಕೊಂಡರೆ ಅದು ಮುಷ್ಟಿ ಬಿಗಿದು, ಹುಬ್ಬು ಗಂಟಿಕ್ಕಿ, ಯಾರೋ ಬೈದ ಹಾಗೆ ನನ್ನನ್ನೇ ನೋಡುತ್ತದೆ. ಅರವತ್ತು ದಾಟಿದವಳು ನಾನು. ಆ ನೋಟಕ್ಕೆ ನನ್ನ ಮೊಣಕಾಲ ನೋವೆಲ್ಲ ಹೋಗಿ ಓಣಿಯ ತುಂಬ ಓಡಾಡುತ್ತಿದ್ದೆ. ಇಂಥ ಕೂಸು ಬಂದಿದೆ, ಆದರೆ ಮಂದಿ ಬಂದು ತೊಟ್ಟಿಲ ಹತ್ತಿರ ನಿಂತು "ಇರ್ಲಿ ಬಿಡ್ರಿ, ಆರೋಗ್ಯ ಇದ್ರ ಸಾಕು" ಅನ್ನುತ್ತಿದ್ದರು. ಯಾರು ಕೇಳಿದ್ದರು ಇವರ ಸಮಾಧಾನ?

ಇನ್ನು ವಿಷಯಕ್ಕೆ ಬರುತ್ತೇನೆ. ದೊಡ್ಡ ಮಗಳಿಗೆ ಎರಡೂ ಸಲ ಹೊಟ್ಟೆ ಕೊಯ್ದೇ ಹೆರಿಗೆ ಆಗಿತ್ತು. ಎರಡನೆಯ ಸಲ ಬಹಳ ರಕ್ತ ಹೋಯಿತು. ಡಾಕ್ಟರಮ್ಮ ನನ್ನನ್ನೂ ಅಳಿಯನನ್ನೂ ಹೊರಗೆ ಕರೆದು, ಮೂರನೆಯದು ಈಕೆಯ ಜೀವಕ್ಕೆ ಒಳ್ಳೆಯದಲ್ಲ, ಇಲ್ಲಿಗೆ ಸಾಕು ಮಾಡಿರಿ ಎಂದು ಬಿಡಿಸಿ ಹೇಳಿದ್ದರು. ಹೆರಿಗೆಗೆ ಮುಂಚೆಯೇ, ಅದೇ ವೇಳೆಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಬಿಡಲೇ ಎಂದೂ ಕೇಳಿದ್ದರು. ಆಗ ಬಾದಾಮಿಯ ಬೀಗತಿ, ಅಂದರೆ ಅಳಿಯನ ತಾಯಿ, "ಏನ ಹುಟ್ಟತೈತಿ ನೋಡೋಣು, ಆಮ್ಯಾಲ ವಿಚಾರ ಮಾಡೋಣು" ಅಂದಳು. ಅಳಿಯನೂ "ನೋಡೋಣು" ಅಂದ. ಮಗಳು ಸುಮ್ಮನಿದ್ದಳು. ಆಪರೇಷನ್ ಆಗಲಿಲ್ಲ. ನೋಡೋಣ ಅಂದರೆ ಏನೂ ಗೊತ್ತು ಮಾಡಿಲ್ಲ ಎಂದು ಜನ ತಿಳಿಯುತ್ತಾರೆ. ಖರೆ ಅಂದರೆ ಅದೇ ಒಂದು ತೀರ್ಮಾನ, ಯಾರೂ ಮೈಮೇಲೆ ಹಾಕಿಕೊಳ್ಳದ ತೀರ್ಮಾನ.

ಈ ಮಾತನ್ನು ಹೆರಿಗೆಯಾದ ರಾತ್ರಿ ದವಾಖಾನೆಯಲ್ಲಿ ನನಗೆ ತಿಳಿಯುವ ಹಾಗೆ ಹೇಳಿದವಳು ನನ್ನ ಸಣ್ಣ ಮಗಳು. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಅರ್ಥಶಾಸ್ತ್ರವೆಂದರೆ ಸರಕಾರದ ರೊಕ್ಕದ ಮಾತು ಎಂದುಕೊಂಡಿದ್ದೆ. "ಅಲ್ಲವ್ವಾ, ಮಂದಿ ಹೆಂಗ ಆರಿಸ್ತಾರ ಅನ್ನೂದನ್ನೂ ಓದ್ತೀವಿ. ಮನಶ್ಯಾ ಲೆಕ್ಕಾ ಹಾಕಿ ಆರಿಸ್ತಾನ ಅಂತ ಮದಲ ತಿಳಿದಿದ್ರು. ಅವ ಹಂಗ ಮಾಡೂದ ಇಲ್ಲ" ಅಂದಳು.

"ಅದನ್ನ ತಿಳ್ಕೊಳ್ಳಾಕ ಪುಸ್ತಕ ಬೇಕಾತೇನ? ನಮ್ಮ ಪಡಸಾಲ್ಯಾಗ ಕುಂಡ್ರಬೇಕಿತ್ತು."

"ನೀ ಸೀರಿ ಮಾರೂದ ಹೆಂಗ, ಹೇಳ ಮತ್ತ."

ನಮ್ಮದು ನೇಯುವ ಮನೆ. ಮನೆಯವರು ಕುಣಿಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತರೆ, ನಾನು ಪಡಸಾಲೆಯಲ್ಲಿ ಜಮಖಾನೆ ಹಾಸಿ, ಮನೆಗೇ ಬರುವ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದೆ. ಭಾರಿ ರೇಷ್ಮೆ ಸೆರಗಿನದನ್ನು ಮೊದಲು ಬಿಚ್ಚಬೇಕು. ಅದರ ಬೆಲೆ ಕೇಳಿದ ಮೇಲೆ ಮುಂದಿನವೆಲ್ಲ ಅಗ್ಗ ಅನಿಸುತ್ತವೆ. ಗುಡ್ಡೆ ಹಾಕಬಾರದು, ಗುಡ್ಡೆ ನೋಡಿದವರು "ಮತ್ತ ಬರ್ತೀವ್ರಿ" ಎಂದು ಎದ್ದು ಹೋಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, "ತಗೋತೀರೇನ್ರಿ?" ಎಂದು ಎಂದೂ ಕೇಳಬಾರದು. ಕೇಳಿದರೆ ಅರ್ಧ ಜನ ಇಲ್ಲ ಅನ್ನುತ್ತಾರೆ. "ಗಿಣಿ ಹಸಿರೋ, ದಾಳಿಂಬರಿಯೋ?" ಎಂದು ಕೇಳಬೇಕು. ಆಗ ಆಕೆ ಬಣ್ಣದ ವಿಚಾರಕ್ಕೆ ಬೀಳುತ್ತಾಳೆ. ಬೇಕೋ ಬೇಡವೋ ಎಂಬುದು ಹಿಂದೆ ಉಳಿದುಬಿಡುತ್ತದೆ.

ಮಗಳು ಬಿದ್ದು ಬಿದ್ದು ನಕ್ಕಳು. "ಇದಕ್ಕೆಲ್ಲಾ ನಮ್ಮ ಪುಸ್ತಕದಾಗ ಹೆಸರ ಅದಾವವ್ವಾ. ಮೊದಲ ಕಂಡದ್ದು ಗೂಟ ಇದ್ದಂಗ. ಮನಸ ಅದಕ್ಕ ಕಟ್ಟಿದ ಎಮ್ಮಿ. ಹಗ್ಗ ಎಷ್ಟ ಉದ್ದ ಐತಿ ಅಷ್ಟ ಅಡ್ಡಾಡತೈತಿ." ಆಮೇಲೆ ನಗು ನಿಲ್ಲಿಸಿ, "ಆದ್ರ ನೀ ಗಿರಾಕಿಗೆ ಮಾಡಿದ್ದನ್ನ ನಿನಗ ಬ್ಯಾರೆ ಯಾರರ ಮಾಡಿದ್ರ ಗೊತ್ತಾಗೂದಿಲ್ಲ, ನೋಡ" ಅಂದಳು.

"ನನಗ ಯಾರ ಮಾಡ್ತಾರ?"

"ಪೇಢೆ, ಜಿಲೇಬಿ. ನೀ ಹುಟ್ಟೂಕಿಂತ ಮದಲ ಗೂಟಾ ಬಡದಿಟ್ಟಾರ."

ಆ ಮಾತೇ ನನ್ನನ್ನು ಆ ದಿನ ಮಿಠಾಯಿ ಅಂಗಡಿಗೆ ಎಳೆದುಕೊಂಡು ಹೋದದ್ದು.

ತೊಟ್ಟಿಲಿಗೆ ಹಾಕುವ ದಿನ ಬಂತು. ಬಾಣಂತಿಯನ್ನು ಅಷ್ಟರಲ್ಲಿ ನಮ್ಮ ಮನೆಗೆ ಕರೆತಂದಿದ್ದೆವು. ಬಾದಾಮಿಯಿಂದ ಬೀಗತಿ, ಆಕೆಯ ಕಡೆಯ ಹೆಂಗಸರು, ಅಳಿಯ, ಎಲ್ಲರೂ ಬಂದರು. ಕೂಸಿಗೆ ಲಿಂಗ ಕಟ್ಟುವುದಾಯಿತು, ಕಿವಿಯಲ್ಲಿ ಹೆಸರು ಹೇಳುವುದಾಯಿತು, ಪೇಢೆ ಹಂಚುವುದಾಯಿತು, ಹೋಳಿಗೆ ಊಟವಾಯಿತು. ಊಟದ ಮೇಲೆ ಬೀಗತಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕವಡಿ ತೆಗೆಸಿದಳು. ಚೌಕಾಬಾರಾ ಎಂದರೆ ಆಕೆಗೆ ಪ್ರಾಣ. ಆಡುತ್ತಾ ಆಡುತ್ತಾ ಮಾತು ಅಲ್ಲಿಗೇ ಬಂತು. ಬರಲೆಂದೇ ಆಕೆ ಕೂತಿದ್ದಳು.

"ಅಕ್ಕಾರ, ಬಾಣಂತನ ಮುಗೀಲಿ, ಒಂದ ಎರಡ ವರ್ಷ ತಡೀಲಿ, ಆಮ್ಯಾಲ ಇನ್ನೊಂದ ನೋಡಿಬಿಡೋಣು. ಎರಡ ಹೆಣ್ಣಾದುವು, ಇನ್ನ ಗಂಡ ಆಗಲಿಕ್ಕೇ ಬೇಕು."

ಸಣ್ಣ ಮಗಳು ಒಂದು ಕವಡಿ ಎತ್ತಿಕೊಂಡಳು. "ಅತ್ತೀ, ಈ ಕವಡಿ ಎರಡ ಸಲ ಬೋರಲ ಬಿತ್ತು ಅಂತ ತಿಳೀರಿ. ಮೂರನೇ ಸಲ ಅಂಗಾತ ಬೀಳಲಿಕ್ಕೇ ಬೇಕೇನ್ರಿ?"

"ಬೀಳತೈತಿ. ಎಷ್ಟಂತ ಬೋರಲ ಬಿದ್ದೀತು?"

"ಹಿಂದಿನ ಸಲ ಹೆಂಗ ಬಿದ್ದೀನಿ ಅನ್ನೂದು ಕವಡಿಗೆ ನೆನಪ ಇರತೈತೇನ್ರಿ? ಹೊಟ್ಟಿಗೂ ನೆನಪ ಇರಂಗಿಲ್ಲ."

ಬೀಗತಿ ಬಿಡುವವಳಲ್ಲ. "ಕವಡಿಗೆ ಇರಂಗಿಲ್ಲವಾ. ದೇವರಿಗೆ ಇರತೈತಿ!" ಅಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಉತ್ತರ ಚೆನ್ನಾಗಿತ್ತು. ಆಮೇಲೆ ಆಕೆ ಬಾಗಿಲ ಹತ್ತಿರ ಕೂತಿದ್ದ ಮಗನ ಕಡೆ ಬೆರಳು ಮಾಡಿದಳು. "ಇವನ್ನ ನೋಡ್ರಿ. ಮೂರ ಹೆಣ್ಣಾದ ಮ್ಯಾಲ ಹುಟ್ಟಿದಾಂವ. ಸಾಕು ಅಂತ ನಾ ಕುಂತಿದ್ರ ನಿಮಗ ಅಳಿಯಾ ಎಲ್ಲಿಂದ ಬರ್ತಿದ್ದಾ?"

ಸಾಕ್ಷಿ ಜೀವಂತ ಕೂತಿತ್ತಲ್ಲ, ಹೋಳಿಗೆ ಉಂಡು, ಎಲೆ ಅಡಿಕೆ ಹಾಕಿಕೊಂಡು. ಬೀಗತಿ ಕೆಟ್ಟವಳು ಎಂದು ನಾನು ಬರೆಯುವುದಿಲ್ಲ. ಮೂರು ಹೆಣ್ಣು ಹಡೆದಾಗ ಆಕೆಯ ಅತ್ತೆ ಬಾಣಂತನದಲ್ಲಿ ತಣ್ಣೀರು ಕೊಟ್ಟಿದ್ದಳಂತೆ. ನಾಲ್ಕನೆಯದು ಗಂಡಾದ ದಿನ ಹಂಡೆಯ ತುಂಬ ನೀರು ಕಾಯಿಸಿದರಂತೆ. ಆ ಬಿಸಿನೀರನ್ನು ಆಕೆಯ ಮೈ ಇನ್ನೂ ಮರೆತಿಲ್ಲ. ಆದರೆ ಅವರ ಓಣಿಯಲ್ಲಿಯೇ ಗಂಡಿಗಾಗಿ ಕಾದು ಆರು ಹೆಣ್ಣು ಹಡೆದು ಹಾಸಿಗೆ ಹಿಡಿದ ಇನ್ನೊಬ್ಬಾಕೆ ಇದ್ದಳು. ಆಕೆಯನ್ನು ಯಾವ ತೊಟ್ಟಿಲ ಮನೆಯಲ್ಲಿ ಯಾರು ಸಾಕ್ಷಿಗೆ ಕರೆದಿದ್ದಾರೆ? ಗೆದ್ದವರ ಹೆಸರು ಬಾಯಲ್ಲಿ ಇರುತ್ತದೆ, ಸೋತವರ ಹೆಸರು ಯಾರಿಗೂ ನೆನಪಾಗುವುದಿಲ್ಲ. ಇನ್ನೊಂದು ಮಾತು. ತೊಟ್ಟಿಲಲ್ಲಿ ಇರುವ ಕೂಸಿನ ಕಡೆ ಯಾರೂ ನೋಡುತ್ತಿರಲಿಲ್ಲ. ಹುಟ್ಟದ ಕೂಸನ್ನು ಕಳೆದುಕೊಂಡವರ ಹಾಗೆ ಎಲ್ಲರೂ ಮುಖ ಮಾಡಿಕೊಂಡಿದ್ದರು. ಕೈಯಲ್ಲಿ ಇದ್ದದ್ದರ ಸುಖಕ್ಕಿಂತ ಇಲ್ಲದ್ದರ ನೋವು ದೊಡ್ಡದೇ?

ನಾನು ಎದ್ದು, ತೊಟ್ಟಿಲಿನ ಕೂಸನ್ನು ಎತ್ತಿಕೊಂಡು ಬಾಣಂತಿಯ ಕೋಣೆಗೆ ಹೋದೆ. ಸಣ್ಣ ಮಗಳೂ ಹಿಂದೆ ಬಂದಳು. ದೊಡ್ಡವಳು ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಡಸಾಲೆಯ ಮಾತೆಲ್ಲ ಆಕೆಗೆ ಕೇಳಿಸಿತ್ತು.

"ಇಲ್ಲಿ ಯಾರೂ ಇಲ್ಲ. ಖರೆ ಹೇಳು, ನಿನಗ ಏನ ಬೇಕು?" ಅಂದೆ.

ಈ ಕಡೆ ಹೊರಳಿ ನನ್ನ ಕೈಯಲ್ಲಿದ್ದ ಕೂಸನ್ನು ತೆಗೆದುಕೊಂಡಳು. ಆಮೇಲೆ, "ಇವೆರಡ ಸಾಕವ್ವಾ. ಆ ಟೇಬಲ್ ಮ್ಯಾಲ ನನಗ ಮಕ್ಕಳ ಮಕಾ ಮತ್ತ ನೋಡ್ತೀನೋ ಇಲ್ಲೋ ಅನಿಸಿತ್ತು. ಆದ್ರ ಎಲ್ಲಾರ ಮುಂದ ಬ್ಯಾಡ ಅನ್ನಾಕ ಬಾಯಿ ಬರವಲ್ದು. ನಾ ಏನೋ ಕಸ್ಕೊಂಡೀನಿ ಅನ್ನೂ ಹಂಗ ನೋಡ್ತಾರ" ಅಂದಳು.

ನನಗೆ ಅಷ್ಟು ಸಾಕಾಗಿತ್ತು. "ನಾ ಕೇಳ್ತೀನಿ, ಬಾಯಿ ತಾನ ಬರತೈತಿ. ಮೂರನೇದು ಬೇಕೋ ಬ್ಯಾಡೋ ಅಂತ ಕೇಳಂಗಿಲ್ಲ. ಆಪರೇಷನ್ ಗಂಡ ಮಾಡಿಸ್ಕೊಂತಾನೋ ಹೆಂಡ್ತಿ ಮಾಡಿಸ್ಕೊಂತಾಳೋ ಅಂತ ಕೇಳ್ತೀನಿ" ಅಂದೆ.

ಸಣ್ಣವಳು ನನ್ನ ಸೆರಗು ಹಿಡಿದಳು. "ಅವ್ವಾ, ಅದು ಸೀರಿ ಮಾರಿದಂಗ. ಕೇಳಿದಂಗ ಅಲ್ಲ, ಮೂಲಿಗೆ ಒತ್ತಿದಂಗ."

"ಹೌದು, ಒತ್ತತೀನಿ. ಅವರು ನಮ್ಮನ್ನ ಎಷ್ಟ ವರ್ಷ ಒತ್ಯಾರ!"

"ಹಂಗಾರ ಅವರಿಗೂ ನಿನಗೂ ಏನ ಫರಕ?"

ಈ ಹುಡುಗಿ ಯಾವಾಗಲೂ ಹೀಗೇ, ನಡೆಯುವವಳ ಕಾಲಿಗೆ ಅಡ್ಡ ಬರುತ್ತಾಳೆ. ಆದರೆ ಮಾತು ಚುಚ್ಚಿತು. "ಆತು. ಎಲ್ಲಾ ದಾರಿನೂ ಹೇಳ್ತೀನಿ. ಆದ್ರ ಯಾವುದನ್ನ ಮೊದಲ ಬಿಚ್ಚಬೇಕು ಅನ್ನೂದು ನನ್ನ ಕೈಯಾಗ ಇರಲಿ" ಅಂದೆ. ಆಕೆ ಸೆರಗು ಬಿಟ್ಟಳು.

ಪಡಸಾಲೆಗೆ ಬಂದೆ. ಕವಡಿ ಇನ್ನೂ ಉರುಳುತ್ತಿದ್ದವು. ನಿಂತುಕೊಂಡೇ ಕೇಳಿದೆ.

"ಅಳಿಯಾರ, ಡಾಕ್ಟರಮ್ಮ ಇಲ್ಲಿಗೆ ಸಾಕ ಮಾಡ್ರಿ ಅಂದಿದ್ದು ನೀವೂ ಕೇಳೀರಿ, ನಾನೂ ಕೇಳೀನಿ. ಆಪರೇಷನ್ ನೀವ ಮಾಡಿಸ್ಕೊಂತೀರೋ, ಆಕಿ ಮಾಡಿಸ್ಕೊಬೇಕೋ? ಇಬ್ರೂ ಬ್ಯಾಡ ಅನ್ನೂ ದಾರಿನೂ ಐತಿ. ಆ ದಾರಿಗೆ ಹೋದ್ರ ಆಕಿ ಜೀವಕ್ಕ ಯಾರ ಹೊಣಿ ಅನ್ನೂದನ್ನೂ ಇಲ್ಲೇ, ಇವರೆಲ್ಲಾರ ಮುಂದ ಹೇಳಿಬಿಡ್ರಿ."

ಕವಡಿ ನಿಂತವು. ಅಳಿಯ ಎಲೆ ಅಡಿಕೆ ನುಂಗಿಬಿಟ್ಟನೇನೋ, ಕೆಮ್ಮತೊಡಗಿದ. ಬಾದಾಮಿ ಕಡೆಯ ಒಬ್ಬ ಮುದುಕಿ, "ಏನಂದ್ರು? ಯಾರಿಗೆ ಆಪರೇಷನ್?" ಎಂದು ಪಕ್ಕದವಳನ್ನು ತಿವಿದು ಕೇಳಿತು. ಅಲ್ಲಿಯವರೆಗೆ ಎರಡೂ ಮನೆಯಲ್ಲಿ ಎಲ್ಲರೂ ಮಗಳಿಗೆ ಮಾಡಿಸುವುದೋ ಬೇಡವೋ ಎಂದೇ ಮಾತಾಡಿದ್ದರು. ಗಂಡಸಿಗೂ ಅದು ಇದೆ ಎಂಬುದು ಗೊತ್ತಿರಲಿಲ್ಲವೆಂದಲ್ಲ. ಯಾರೂ ಆ ಸೀರೆಯನ್ನು ಬಿಚ್ಚಿ ತೋರಿಸಿರಲಿಲ್ಲ, ಅಷ್ಟೆ.

ಬೀಗತಿಗೆ ಸಿಟ್ಟು ನೆತ್ತಿಗೇರಿತು. "ಗಂಡಸಗ ಆಪರೇಷನ್? ನಾಚಿಕಿ ಬರೂದಿಲ್ಲೇನ್ರಿ ಅಕ್ಕಾರ? ನನ್ನ ಮಗಾ ನಿಶ್ಶಕ್ತ ಆಗ್ತಾನ!"

"ಆಫೀಸಿನ್ಯಾಗ ಕುರ್ಚಿ ಮ್ಯಾಲ ಕುಂಡ್ರೂ ಕೆಲಸ, ಅದಕ್ಕ ಎಷ್ಟ ಶಕ್ತಿ ಬೇಕ್ರಿ? ನನ್ನ ಮಗಳ ಹೊಟ್ಟಿ ಎರಡ ಸಲ ಕೊಯ್ದಾರ. ಆಕಿ ಶಕ್ತಿ ಲೆಕ್ಕಾ ಯಾರ ಹಿಡದೀರಿ?"

"ಎಲ್ಲಾರ ಮನ್ಯಾಗ ಹೆಂಗಸರ ಮಾಡಿಸ್ಕೊಂತಾರ. ಊರ ಮ್ಯಾಲಿಲ್ಲದ್ದು ನಿಮ್ಮ ಮನ್ಯಾಗ!"

"ಊರ ಮ್ಯಾಲ ಹೆಣ್ಣಿಗೆ ಪೇಢೆನೂ ಹಂಚೂದಿಲ್ಲ. ನಾ ಹಂಚೀನಿ. ನೀವೂ ಎರಡ ತಿಂದೀರಿ."

ಯಾರೋ ಕಿಸಕ್ಕೆಂದರು. ಅಳಿಯ ಕೆಮ್ಮು ನಿಲ್ಲಿಸಿ, ಗಂಟಲು ಸರಿ ಮಾಡಿಕೊಂಡು, "ಅತ್ತೀ, ಇರ್ಲಿ ಬಿಡ್ರಿ, ಮುಂದ ನೋಡೋ..." ಅನ್ನುವಷ್ಟರಲ್ಲಿ ಕೋಣೆಯ ಪರದೆ ಸರಿಯಿತು. ದೊಡ್ಡ ಮಗಳು ಕೂಸನ್ನು ಎತ್ತಿಕೊಂಡು, ಚೌಕಟ್ಟು ಹಿಡಿದು ನಿಂತಿದ್ದಳು.

"ನೋಡೋಣು ಅನ್ನಬ್ಯಾಡ್ರಿ. ಹೋದ ಸಲಾನೂ ನೋಡೋಣು ಅಂದ್ರಿ. ನನ್ನ ಪಾಳಿ ಮುಗೀತು. ಎರಡ ಸಲ ಆ ಟೇಬಲ್ ಮ್ಯಾಲ ಮಲಗಿ ಬಂದೀನಿ. ಮೂರನೇದು ನನಗ ಬ್ಯಾಡ. ಇನ್ನ ಉಳಿದದ್ದು ನಿಮ್ಮ ಪಾಳಿ."

ದನಿ ದೊಡ್ಡದಾಗಿರಲಿಲ್ಲ. ಆದರೆ ಆ ಮಾತು ನನ್ನ ಮಾತಲ್ಲ, ಆಕೆಯ ತಂಗಿಯ ಪುಸ್ತಕದ ಮಾತೂ ಅಲ್ಲ, ಆಕೆಯದೇ. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಕುಪ್ಪಸದ ಹೊಲಿಗೆ ಬಿಟ್ಟೀತು ಅನಿಸಿತು.

ಅಳಿಯ ನೆಲ ನೋಡಿದ, ತಾಯಿಯನ್ನು ನೋಡಿದ, ಆಮೇಲೆ ಹೆಂಡತಿಯ ಕೈಯಲ್ಲಿದ್ದ ಕೂಸನ್ನು ನೋಡಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದೆವು. ಅವನು ಕೊನೆಗೆ ಕೇಳಿದ್ದು, "ರಜಾ ಎಷ್ಟ ದಿನ ಹಾಕಬೇಕಾಗತೈತಿ?" ಎಂದು. ಸಣ್ಣ ಮಗಳು ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದಳು.

ಬೀಗತಿ ಮಗನನ್ನು ಕರೆದುಕೊಂಡು ಸಂಜೆಯ ಬಸ್ಸಿಗೆ ಹೊರಟಳು. ಉಡಿ ತುಂಬಿಸಿಕೊಂಡಳು, ಸೀರೆ ಮುಟ್ಟಿ ನೋಡಿ ತೆಗೆದುಕೊಂಡಳು, ನನ್ನ ಜೊತೆ ಮಾತಾಡಲಿಲ್ಲ. ಓಣಿಯವರು ಮಾತಾಡಿದರು, ನನಗೆ ಕೇಳಿಸುವಷ್ಟು ಜೋರಾಗಿಯೇ. ಅಳಿಯನನ್ನು ಹಾಳು ಮಾಡಿದ ಅತ್ತೆ ಎಂದು ಹೆಸರಾಯಿತು. ಆಗಲಿ. ನಾನು ಆ ವಾರ ಎರೆಯುವ ಹೊತ್ತಿಗೆ ಬಾಗಿಲು ತೆರೆದಿಟ್ಟೇ ಕೂಸಿಗೆ ಎರೆದೆ, ಜೋಗುಳ ಓಣಿಯ ತುದಿಗೆ ಕೇಳುವ ಹಾಗೆ ಹಾಡಿದೆ.

ಮಧ್ಯೆ ಒಂದಿಷ್ಟು ದಿನ ಅಳಿಯನಿಂದ ಸುದ್ದಿಯೇ ಇರಲಿಲ್ಲ. ಮತ್ತೆ "ನೋಡೋಣು"ಗೆ ಬಿದ್ದನೇನೋ ಎಂದು ದೊಡ್ಡ ಮಗಳು ಊಟ ಕಡಿಮೆ ಮಾಡಿದಳು. ಆಮೇಲೆ ಒಂದು ಮಧ್ಯಾಹ್ನ ಮನೆ ಮುಂದೆ ಆಟೋ ನಿಂತಿತು. ಅಳಿಯ ನಿಧಾನಕ್ಕೆ ಇಳಿದ. ಕಾಲು ಸ್ವಲ್ಪ ಅಗಲಿಸಿ ನಡೆಯುತ್ತಿದ್ದ. ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ. ಬಸ್ಸು ಅಲ್ಲಿ ನಿಂತಾಗ ಇಳಿದು ತಂದಿದ್ದ.

"ಆತೇನ್ರಿ?" ಅಂದೆ.

"ಆತ್ರಿ ಅತ್ತೀ. ಎರಡ ದಿನಾ ಆತು. ಮುಗಸಿಕೊಂಡ ಹೇಳೋಣು ಅಂತ ಸುಮ್ಮಿದ್ದೆ. ಇಷ್ಟಕ್ಕ ನಾ ಅಷ್ಟ ಹೆದರಿದ್ನೆಲ್ಲಾ!" ಎಂದು ನಕ್ಕ. ನಗುವಾಗ ಮುಖ ಹಿಂಡಿತು. "ಇನ್ನೊಂದ ನಾಕ ದಿನಾ ಭಾರ ಎತ್ತಬಾರದಂತ."

"ಎತ್ತೂದ ಬ್ಯಾಡ, ಕುಂಡ್ರ ಬರ್ರಿ."

ಬಾಣಂತಿಗೆ ಹಾಸಿದ ಮೆತ್ತನೆಯ ಗಾದಿಯ ಪಕ್ಕದಲ್ಲೇ ಅವನಿಗೂ ಒಂದು ಗಾದಿ ಹಾಸಿದೆ. ಬೆನ್ನಿಗೆ ದಿಂಬು ಕೊಟ್ಟೆ. ಮಗಳಿಗಾಗಿ ಮಾಡಿಟ್ಟಿದ್ದ ಅಂಟಿನ ಉಂಡಿಯ ಡಬ್ಬಿ ತೆಗೆದೆ. ನಮ್ಮಲ್ಲಿ ಅದು ಬಾಣಂತಿಯ ಮೈಗೆ ಶಕ್ತಿ ಬರಲೆಂದು ಮಾಡುವ ತಿನಿಸು, ಗಂಡಸರ ಕೈಗೆ ಕೊಡುವುದಲ್ಲ. ಒಂದನ್ನು ಮಗಳಿಗೆ ಕೊಟ್ಟು ಇನ್ನೊಂದನ್ನು ಅವನ ಕೈಯಲ್ಲಿಟ್ಟೆ.

"ಇದು ಬಾಣಂತೇರದ್ದಲ್ರಿ ಅತ್ತೀ?"

"ನಿಶ್ಶಕ್ತ ಆಗ್ತೀರಿ ಅಂತ ನಿಮ್ಮವ್ವಾರ ಹೇಳ್ಯಾರ. ತಿನ್ರಿ."

ಮಗಳು ಎಷ್ಟೋ ದಿನದ ಮೇಲೆ ಹೊಲಿಗೆಯ ನೋವು ಮರೆತು ನಕ್ಕಳು. ಅಷ್ಟರಲ್ಲಿ ಅಳಿಯನ ಫೋನು ರಿಂಗಾಯಿತು. ಬಾದಾಮಿಯಿಂದ. ಅವನು ನನ್ನ ಕಡೆ ಹಿಡಿದ. ನಾನು "ಶರಣ್ರಿ ಅಕ್ಕಾರ" ಅಂದೆ. ಆ ಕಡೆಯಿಂದ, "ಏನರ ತಿಂದಾನೇನ್ರಿ ನನ್ನ ಮಗಾ?" ಎಂದಿತು ದನಿ.

"ಅಂಟಿನ ಉಂಡಿ ತಿನ್ನಾಕತ್ಯಾನ್ರಿ."

"ಬಿಸಿನೀರ ಕಾಸಿ ಕೊಡ್ರಿ" ಎಂದು ಹೇಳಿ ಇಟ್ಟುಬಿಟ್ಟಳು. ಇವತ್ತಿಗೂ ನನ್ನ ಮೇಲಿನ ಸಿಟ್ಟು ಆಕೆಗೆ ಪೂರ್ತಿ ಹೋಗಿಲ್ಲ. ಇರಲಿ, ಆದರೆ ಆ ದಿನ ಹಂಡೆಯ ತುಂಬ ನೀರು ಕಾಯಿಸಿದೆ.

ದೊಡ್ಡ ಮೊಮ್ಮಗಳು, ನಾಲ್ಕು ವರ್ಷದ್ದು, ಇಷ್ಟು ಹೊತ್ತು ಹೊಸ್ತಿಲ ಮೇಲೆ ನಿಂತು ಎರಡೂ ಗಾದಿಗಳನ್ನು ನೋಡುತ್ತಿತ್ತು. ಅವ್ವನ ಹಾಗೆಯೇ ದಿಂಬಿಗೆ ಒರಗಿ ಅಂಟಿನ ಉಂಡಿ ತಿನ್ನುತ್ತಿದ್ದ ಅಪ್ಪನ ಸುತ್ತ ಒಂದು ಸುತ್ತು ಹಾಕಿ, ಚಾದರ ಎತ್ತಿ ಒಳಗೆ ನೋಡಿತು.

"ಅಪ್ಪಾ, ನಿನ್ನ ಕೂಸ ಎಲ್ಲೈತಿ?"

ನಾನು ತೊಟ್ಟಿಲಿನಿಂದ ಎತ್ತಿ, ಆ ಹುಬ್ಬು ಗಂಟಿಕ್ಕಿದ, ಕೂದಲು ನಿಮಿರಿದ, ಮುಷ್ಟಿ ಬಿಗಿದ ನನ್ನ ಬಂಗಾರವನ್ನು ಅಳಿಯನ ತೊಡೆಯ ಮೇಲೆ ಇಟ್ಟೆ. ಭಾರ ಎತ್ತಬಾರದು ಅಂದಿದ್ದವನು ಎರಡೂ ಕೈಯಿಂದ ಎತ್ತಿ ಎದೆಗೆ ಹಚ್ಚಿಕೊಂಡ.